ಮೂರನೇ ಸಾಲಿನ ಗಾಳಿ

ಹಾಡು ಮಧ್ಯದಲ್ಲೇ ನಿಂತುಹೋದಾಗ ಚರ್ಚಿನೊಳಗೆ ಗೋಡೆ ಗಡಿಯಾರದ ಸದ್ದು ಬಿಟ್ಟರೆ ಬೇರೇನೂ ಉಳಿಯಲಿಲ್ಲ. ಹಾರ್ಮೋನಿಯಂ ಮುಂದೆ ಕೂತಿದ್ದ ಹೊಲಿಗೆಯವಳು ಬಿಸಿ ಇಸ್ತ್ರಿಪೆಟ್ಟಿಗೆ ಮುಟ್ಟಿದವಳ ಹಾಗೆ ಎರಡೂ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು. ಮುಂದಿನ ಬೆಂಚಿನ ಹೆಂಗಸರು ನಾಲ್ಕನೇ ಸಾಲಿನ ಅರ್ಧಕ್ಕೆ ಬಂದಿದ್ದರು. ಹಿಂದಿನ ಬೆಂಚಿನ ಗಂಡಸರು ಆ ಸಾಲನ್ನು ಇನ್ನೂ ಎತ್ತಿಕೊಂಡೇ ಇರಲಿಲ್ಲ. ಮೊದಲ ಚರಣದಲ್ಲೂ ಹೀಗೇ ಆಗಿತ್ತು, ಎರಡನೆಯದರಲ್ಲಿ ಇನ್ನಷ್ಟು ಕೆಟ್ಟಿತ್ತು. ಮೂರನೆಯದಕ್ಕೆ ಬರುವಷ್ಟರಲ್ಲಿ ಯಾರು ಯಾರ ಹಿಂದೆ ಹೋಗಬೇಕೆಂದು ತಿಳಿಯದೆ ಮೂವತ್ತೈದು ಜನರೂ ಒಬ್ಬೊಬ್ಬರಾಗಿ ಬಾಯಿ ಮುಚ್ಚಿದ್ದರು. ಯಾರೋ ಕೆಮ್ಮಿದರು. ಪಾದ್ರಿಗಳು ಪ್ರಾರ್ಥನೆ ಮಾಡೋಣ ಅಂದರು. ತಲೆ ತಗ್ಗಿಸಲು ಒಂದು ನೆಪ ಸಿಕ್ಕಿತಲ್ಲ ಎಂದು ಅವಳಿಗೆ ಅಷ್ಟೇ ಸಮಾಧಾನ.

ಅವಳು ಆ ಪೆಟ್ಟಿಗೆಯ ಮುಂದೆ ಕೂತ ಮೊದಲ ಭಾನುವಾರ ಅದು.

ಅದಕ್ಕೆ ಮುಂಚೆ ನಲವತ್ತು ವರ್ಷ ಆ ಜಾಗದಲ್ಲಿ ಕೂತಿದ್ದವರು ಅವಳ ಮಾವ. ಕಸುಬಿನಲ್ಲಿ ಬಡಗಿ. ಊರಿನ ಅರ್ಧದಷ್ಟು ಬಾಗಿಲುಗಳು ಅವರ ಕೈಯವು, ಚರ್ಚಿನ ಬೆಂಚುಗಳೂ ಅವರವೇ. ಹೋದ ವರ್ಷ ಅವರ ಬಲಗೈ ನಡುಗತೊಡಗಿತು. ಮೊದಲು ಗರಗಸ ಗೆರೆ ಬಿಟ್ಟು ಓಡಿತು, ಆಮೇಲೆ ಬೆರಳು ಸ್ವರ ಬಿಟ್ಟು ಓಡಿತು. ಒಂದು ದಿನ ಆರಾಧನೆ ಮುಗಿದ ಮೇಲೆ ಅವರು ಪೆಟ್ಟಿಗೆಯ ಮುಚ್ಚಳ ಹಾಕಿ, ಅದರ ಮೇಲೊಂದು ಬಟ್ಟೆ ಹೊದಿಸಿ, ಯಾರಿಗೂ ಏನೂ ಹೇಳದೆ ಹೋಗಿ ಹಿಂದಿನ ಬೆಂಚಿನ ಗೋಡೆಯಂಚಿಗೆ ಕೂತರು. ಮುಂದಿನ ವಾರದಿಂದ ಅಲ್ಲಿಂದಲೇ ಬಾಯಲ್ಲಿ ಹಾಡು ಎತ್ತಿಕೊಡುತ್ತಿದ್ದರು. ಸಭೆ ಅವರ ದನಿಯ ಹಿಂದೆ ಹೋಗುತ್ತಿತ್ತು.

ಬೇರೆ ಯಾರಿಗಾದರೂ ಕಲಿಸಿಕೊಡಿ ಎಂದು ಸಭೆಯ ಹಿರಿಯರು ತಾಳದ ಮೇಷ್ಟ್ರಿಗೆ ಹೇಳಿಕಳಿಸಿದರು. ಶಾಲೆಯಿಂದ ನಿವೃತ್ತರಾದ ಮೇಷ್ಟ್ರು ಸುತ್ತಿನ ಒಂಬತ್ತು ಸಣ್ಣ ಸಭೆಗಳಿಗೆ ಬಸ್ಸು ಹತ್ತಿ ಹೋಗಿ ಹಾಡು ನಡೆಸುವವರಿಗೆ ಪಾಠ ಹೇಳುತ್ತಿದ್ದರು. ಒಂದು ಕಡೆ ಹಾಲು ಹಾಕುವವನು, ಇನ್ನೊಂದು ಕಡೆ ಆಸ್ಪತ್ರೆಯ ದಾದಿ, ಮತ್ತೊಂದು ಕಡೆ ಬಾವಿ ತೋಡುವವನು. ಎಲ್ಲರೂ ವಾರವೆಲ್ಲ ದುಡಿದು ಭಾನುವಾರ ಮಾತ್ರ ಹಾಡಿಸುವವರೇ. ಮೇಷ್ಟ್ರ ಬಲಗೈಯ ತೋರುಬೆರಳು ಸದಾ ಮಂಡಿಯ ಮೇಲೆ ತಾಳ ಹಾಕುತ್ತಿರುತ್ತಿತ್ತು. ಬಸ್ಸಿನಲ್ಲಿ ನಿದ್ದೆ ಮಾಡುವಾಗಲೂ ಆ ಬೆರಳು ನಿಲ್ಲುವುದಿಲ್ಲ ಎಂದು ನೋಡಿದವರು ಹೇಳುತ್ತಿದ್ದರು.

ಈ ಊರಲ್ಲಿ ಅವರಿಗೆ ಸಿಕ್ಕಿದ್ದು ಬಡಗಿಯ ಸೊಸೆ. ಅವಳ ಮನೆಯಲ್ಲಿ ಅಭ್ಯಾಸಕ್ಕೆ ಪೆಟ್ಟಿಗೆ ಇಲ್ಲವೆಂದು ಮೇಷ್ಟ್ರು ಒಂದು ರಟ್ಟಿನ ಮೇಲೆ ಹಾರ್ಮೋನಿಯಂನ ಕರಿ ಮನೆ, ಬಿಳಿ ಮನೆಗಳನ್ನು ಬರೆದುಕೊಟ್ಟಿದ್ದರು. ಅದನ್ನು ಅವಳು ಹೊಲಿಗೆ ಯಂತ್ರದ ಹಲಗೆಯ ಮೇಲೆ ಇಟ್ಟುಕೊಂಡು, ಒಂದು ಕಾಜಾಕ್ಕೂ ಇನ್ನೊಂದು ಕಾಜಾಕ್ಕೂ ನಡುವೆ ಬೆರಳಾಡಿಸುತ್ತ ಎಂಟು ತಿಂಗಳು ಕಲಿತಳು. ಸ್ವರ ಬಾಯಲ್ಲಿ, ತಾಳ ಯಂತ್ರದ ಮೆಟ್ಟು ತುಳಿಯುವ ಕಾಲಲ್ಲಿ. ಅಳತೆ ಕೊಡಲು ಬಂದವರು ಅವಳು ರಟ್ಟು ಕುಟ್ಟುವುದನ್ನು ಕಂಡು, ಇವಳಿಗೇನಾದರೂ ಆಗಿದೆಯಾ ಎಂದು ಗಂಡನನ್ನು ಕೇಳಿದ್ದೂ ಉಂಟು.

ಅವಳ ಕೈ ಹದಕ್ಕೆ ಬಂತು ಅನ್ನಿಸಿದ ಮೇಲೆ ಮೇಷ್ಟ್ರು ಇನ್ನೊಂದು ಉಪಕಾರ ಮಾಡಿದರು. ಚರ್ಚಿನ ಹಾರ್ಮೋನಿಯಂನ ತಿದಿ, ಅಂದರೆ ಹಿಂದುಗಡೆ ಎಡಗೈಯಲ್ಲಿ ಒತ್ತಿ ಗಾಳಿ ತುಂಬುವ ಚರ್ಮ, ಮಾವನ ಕೈಗೆ ಬಂದಾಗಿನಿಂದಲೂ ಸೋರುತ್ತಿತ್ತು. ಮಾವ ಅದಕ್ಕೆ ಸೈಕಲ್ ಟ್ಯೂಬು, ಹರಿದ ಮಳೆಕೋಟು, ಹಳೆ ಬೂಟಿನ ನಾಲಿಗೆ ಎಲ್ಲ ಅಂಟಿಸಿ ಅಂಟಿಸಿ ನಡೆಸಿದ್ದರು. ಹೋದ ತಿಂಗಳು ಮೇಷ್ಟ್ರು ಪೆಟ್ಟಿಗೆಯನ್ನು ಪೇಟೆಗೆ ಹೊತ್ತೊಯ್ದು ಹೊಸ ಚರ್ಮ ಹಾಕಿಸಿ ತಂದರು. ಮಾವನನ್ನು ಒಂದು ಮಾತು ಕೇಳಬೇಕೆಂದು ಅವರಿಗೆ ಹೊಳೆಯಲಿಲ್ಲ. ಮಾವ ಬಗ್ಗಿ ಹೊಸ ತಿದಿಯನ್ನು ಒಮ್ಮೆ ನೋಡಿದರು. "ಮೂಗು ಸೋರ್ತಿದೆ ಅಂತ ಮೂಗನ್ನೇ ಬದಲಾಯಿಸಿಬಿಟ್ರು," ಎಂದರು. ಆವತ್ತಿನಿಂದ ಅವರು ಮೇಷ್ಟ್ರ ಜೊತೆ ಮಾತು ಬಿಟ್ಟಿದ್ದರು.

ಹೊಸ ತಿದಿಯ ಪೆಟ್ಟಿಗೆಯಲ್ಲಿ ಅವಳು ನುಡಿಸಿದ ಮೊದಲ ಭಾನುವಾರವೇ ಹೀಗಾಗಿತ್ತು.

ಕೆಟ್ಟದ್ದು ಒಂದೇ ಹಾಡು. ಪಾದ್ರಿಗಳ ಪ್ರಸಂಗವಾದ ಮೇಲೆ ಪ್ರತಿ ವಾರ ಹಾಡುವುದು, ಎಲ್ಲರಿಗೂ ಕಂಠಪಾಠವಾದದ್ದು. 'ನಿನ್ನ ಬಾಗಿಲಲ್ಲಿ ನಿಂತಿದ್ದೇನೆ' ಎಂದು ಮುಗಿಯುವುದರಿಂದ ಜನ ಅದನ್ನು ಬಾಗಿಲ ಹಾಡು ಅನ್ನುತ್ತಿದ್ದರು. ಮೂರನೇ ಸಾಲು ಮೇಲಕ್ಕೇರಿ 'ನಿನ್ನ ಬಾಗಿಲಲ್ಲಿ' ಎಂದು ಉದ್ದಕ್ಕೆ ನಿಲ್ಲುತ್ತದೆ, ನಾಲ್ಕನೆಯದು 'ನಿಂತಿದ್ದೇನೆ' ಎಂದು ಇಳಿಯುತ್ತದೆ. ಅವಳು ಎಣಿಸಿಕೊಂಡೇ ನುಡಿಸಿದ್ದಳು. ಒಂದಿಷ್ಟೂ ತಪ್ಪಿರಲಿಲ್ಲ. ಆದರೂ ಆ ಎರಡು ಸಾಲುಗಳ ನಡುವೆ ಸಭೆ ಅವಳ ಕೈಬಿಟ್ಟು ಹೋಗಿತ್ತು.

ಆರಾಧನೆ ಮುಗಿದು ಹೊರಗೆ ಚಪ್ಪಲಿ ಮೆಟ್ಟುವ ಹೊತ್ತಿಗೇ ಮಾತು ಶುರುವಾಯಿತು. ಸಭೆಯ ಹಿರಿಯರಲ್ಲಿ ದೊಡ್ಡವರು ಹಿಟ್ಟಿನ ಗಿರಣಿಯವರು. ಕೆಟ್ಟವರಲ್ಲ; ಗಿರಣಿಯ ಗದ್ದಲದಲ್ಲಿ ಬದುಕಿ ಬದುಕಿ ಎಲ್ಲದಕ್ಕೂ ಒಂದು ಸ್ವಿಚ್ಚು ಇದ್ದರೆ ಸಾಕು ಅನ್ನಿಸಿಬಿಟ್ಟಿತ್ತು. ಈಗೆಲ್ಲ ಹಾಡು ತುಂಬಿಕೊಂಡು ಬರುವ ಸ್ಪೀಕರ್ ಸಿಗುತ್ತದೆ, ಒತ್ತಿದರೆ ಹಾಡುತ್ತದೆ, ಮುನಿಸಿಕೊಳ್ಳುವುದಿಲ್ಲ, ಅದಕ್ಕೆ ಕೈ ನಡುಗುವುದಿಲ್ಲ ಎಂದರು. ಕೊನೆಯ ಮಾತು ಮಾವನಿಗೂ ಕೇಳಿಸಿತು. ಪಾದ್ರಿಗಳು ನಡುವೆ ಬಂದು ಇನ್ನೊಂದು ಭಾನುವಾರ ನೋಡೋಣ ಎಂದರು. ಸರಿ, ಒಂದೇ, ಎಂದು ಗಿರಣಿಯವರು ಒಪ್ಪಿದರು. ಸ್ಪೀಕರ್ ಬಂದರೆ ಈ ಊರು ಮೇಷ್ಟ್ರ ಪಟ್ಟಿಯಿಂದ ಬಿಟ್ಟುಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಹಾಡಿಸುವವರೇ ಇಲ್ಲದ ಕಡೆ ಪಾಠ ಯಾರಿಗೆ?

ಹೊಲಿಗೆಯವಳಿಗೆ ಆ ಜಾಗ ಬೇಕಿತ್ತು. ಇದನ್ನು ಅವಳು ಗಂಡನಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ವಾರವಿಡೀ ಬೇರೆಯವರ ಅಳತೆಗೆ ಕತ್ತರಿಸಿ, ಬೇರೆಯವರು ಬಿಗಿಯಾಯಿತು ಅಂದರೆ ಬಿಚ್ಚಿ, ಸಡಿಲವಾಯಿತು ಅಂದರೆ ಹಿಡಿದು, ಸೂಜಿ ಬಾಯಲ್ಲಿ ಕಚ್ಚಿಕೊಂಡು ತಲೆಯಾಡಿಸುವುದೇ ಅವಳ ಬದುಕು. ಪೆಟ್ಟಿಗೆಯ ಮುಂದೆ ಕೂತು ಮೊದಲ ಸ್ವರ ಒತ್ತಿದಾಗ ಮೂವತ್ತೈದು ಜನ ಒಟ್ಟಿಗೆ ಎದ್ದು ನಿಂತರಲ್ಲ, ಆ ಬೆಂಚುಗಳ ಕಿರುಗುಟ್ಟುವಿಕೆ ಅವಳ ಬೆನ್ನಹುರಿಯಲ್ಲಿ ಇನ್ನೂ ಕೂತಿತ್ತು. ಅದನ್ನು ಮತ್ತೆ ಕೇಳಲು ಅವಳಿಗಿದ್ದದ್ದು ಒಂದೇ ವಾರ.

ಸೋಮವಾರ ರಟ್ಟಿನ ಮೇಲೆ ನೂರು ಸಲ ಆ ಹಾಡು ನುಡಿಸಿದಳು. ಮಂಗಳವಾರ ಯಾರದೋ ಅಂಗಿಯ ತೋಳನ್ನು ತಿರುಗುಮುರುಗು ಹೊಲಿದು ಬೈಸಿಕೊಂಡಳು. ಊಟಕ್ಕೆ ಕೂತಾಗ ಮಾವ ತಟ್ಟೆಯಿಂದ ಕಣ್ಣೆತ್ತುತ್ತಿರಲಿಲ್ಲ. ಅವರಿಗೆ ಏನೋ ಗೊತ್ತಿದೆ, ಬೇಕೆಂದೇ ಬಾಯಿಬಿಡುತ್ತಿಲ್ಲ ಎಂಬ ಸಂಶಯ ಅವಳ ತಲೆಯಲ್ಲಿ ಹುಳದಂತೆ ಕೊರೆಯತೊಡಗಿತು. ತನ್ನ ಜಾಗದಲ್ಲಿ ಸೊಸೆ ಕೂತದ್ದು ಅವರಿಗೆ ಹಿಡಿಸಿಲ್ಲ. ಅಥವಾ ಹೊಸ ತಿದಿಯ ಸಿಟ್ಟು ಇನ್ನೂ ಇಳಿದಿಲ್ಲ.

ಗುರುವಾರ ಮಧ್ಯಾಹ್ನ ಅವಳು ಕಿಟಕಿಯ ಬಳಿ ಗುಂಡಿ ಹಾಕುತ್ತಿದ್ದಳು. ಅಂಗಳದಲ್ಲಿ ಮಾವ ಒಂದು ಕಿಟಕಿಯ ಚೌಕಟ್ಟಿಗೆ ಅಂಟು ಹಾಕಿ, ಅದು ಹಿಡಿಯಲೆಂದು ಎಡ ಅಂಗೈಯನ್ನು ಮರದ ಮೇಲೆ ಒತ್ತಿಕೊಂಡು ಕೂತಿದ್ದರು. ಬಲಗೈ ತೊಡೆಯ ಮೇಲೆ ತನ್ನಷ್ಟಕ್ಕೆ ನಡುಗುತ್ತಿತ್ತು. ಕೆಲಸವಿಲ್ಲದ ಬಾಯಿ ಸಣ್ಣಗೆ ಗುನುಗುತ್ತಿತ್ತು. ಬಾಗಿಲ ಹಾಡು. ಅವಳು ಸೂಜಿ ನಿಲ್ಲಿಸಿದಳು. ಒಂದನೇ ಸಾಲು, ಎರಡನೇ ಸಾಲು, ಮೇಲಕ್ಕೇರಿದ ಮೂರನೆಯದು. 'ನಿನ್ನ ಬಾಗಿಲಲ್ಲಿ' ಎಂದು ನಿಂತ ಮೇಲೆ ಗುನುಗು ಕಡಿಯಿತು. ಮರದ ಮೇಲಿನ ಎಡಗೈ ಮೂರು ಸಲ ಮುದುಡಿ ಬಿಚ್ಚಿಕೊಂಡಿತು. ಆಮೇಲೆ ಹಾಡು ಮುಂದುವರಿಯಿತು.

ಎರಡನೇ ಚರಣದಲ್ಲೂ ಅಲ್ಲೇ, ಮೂರೇ ಸಲ.

ಸೂಜಿ ಬೆರಳಿಗೆ ಚುಚ್ಚಿದ್ದು ಅವಳಿಗೆ ಆಮೇಲೆ ಗೊತ್ತಾಯಿತು. ಬೆರಳು ಚೀಪುತ್ತ ಅಂಗಳಕ್ಕೆ ಇಳಿದಳು.

"ಮಾವಾ, ಅಲ್ಲಿ ಯಾಕೆ ನಿಂತ್ರಿ?"

"ಎಲ್ಲಿ?"

"ಮೂರನೇ ಸಾಲು ಮುಗಿದ ಮೇಲೆ."

ಮಾವನಿಗೆ ಅರ್ಥವಾಗಲಿಲ್ಲ. ನಾನೆಲ್ಲಿ ನಿಂತೆ ಎಂಬಂತೆ ಅವಳನ್ನೇ ನೋಡಿದರು. ಅವಳು ಅವರ ಎಡಗೈ ತೋರಿಸಿದಳು. ಆ ಕೈ ಬೇರೆ ಯಾರದೋ ಎಂಬಂತೆ ಅವರು ಅದನ್ನು ನೋಡಿದರು.

"ಗಾಳಿ ಬೇಡವಾ?" ಅಂದರು.

ಅಷ್ಟೇ ಇದ್ದದ್ದು. ಬೇರೆ ಹಾಡುಗಳ ಸಾಲುಗಳು ಗಿಡ್ಡ. ಇದರ ಮೂರನೇ ಸಾಲು ಉದ್ದ. ಅದು ಮುಗಿಯುವಷ್ಟರಲ್ಲಿ ಸೋರುವ ತಿದಿಯಲ್ಲಿ ಗಾಳಿ ಖಾಲಿ. ಬೆರಳೆತ್ತಿ ಮೂರು ಸಲ ಜೋರಾಗಿ ಒತ್ತಿದರೆ ಮಾತ್ರ ನಾಲ್ಕನೇ ಸಾಲಿಗೆ ದನಿ. ನಲವತ್ತು ವರ್ಷ ಮಾವ ಒತ್ತಿದ್ದರು, ನಲವತ್ತು ವರ್ಷ ಸಭೆ ಕಾದಿತ್ತು. ಕಾಯುವುದನ್ನು ನೋಡುತ್ತ ಬೆಳೆದವರು ತಮ್ಮ ಮಕ್ಕಳಿಗೂ ಹಾಗೇ ಹಾಡಿ ತೋರಿಸಿದ್ದರು. ಮದುವೆಯಾಗಿ ಬಂದ ಮೇಲೆ ಅವಳೂ ಆ ಬೆಂಚಿನಲ್ಲಿ ನಿಂತು ಎಂಟು ವರ್ಷ ಕಾದವಳೇ. ಆದರೆ ಎಲ್ಲಿ ಉಸಿರೆಳೆದೆ ಎಂದು ಯಾರು ನೆನಪಿಟ್ಟುಕೊಳ್ಳುತ್ತಾರೆ? ರಟ್ಟಿನ ಮುಂದೆ ಕೂತು ಎಣಿಸಲು ಕಲಿತ ಮೇಲೆ ಎಣಿಕೆಗೆ ಸಿಗದೇ ಇದ್ದದ್ದು ತಲೆಯಿಂದಲೇ ಜಾರಿಹೋಗಿತ್ತು.

ಶನಿವಾರ ಮೇಷ್ಟ್ರು ಬಂದರು. ಅವಳಿಗೋಸ್ಕರ ಇನ್ನೊಂದು ಸಭೆಯ ಪಾಠ ಬಿಟ್ಟು, ಭಾನುವಾರವೂ ಇಲ್ಲೇ ಪಕ್ಕದಲ್ಲಿ ಕೂರುತ್ತೇನೆ ಎಂದು ಬಟ್ಟೆಯ ಚೀಲವನ್ನೂ ತಂದಿದ್ದರು. ಖಾಲಿ ಚರ್ಚಿನಲ್ಲಿ ಅವಳು ಎಲ್ಲ ಹೇಳಿದಳು. ಕೇಳುತ್ತ ಕೇಳುತ್ತ ಅವರ ಬೆರಳು ಮಂಡಿಯ ಮೇಲೆ ನಿಂತಿತು. ಅದು ನಿಂತದ್ದನ್ನು ಅವಳು ನೋಡಿದ್ದು ಅದೇ ಮೊದಲು.

"ಹಾಗಾದರೆ ರಿಪೇರಿ ಮಾಡಿಸಿ ಕೆಡಿಸಿದವನು ನಾನೇ," ಎಂದರು ಮೇಷ್ಟ್ರು.

ಆದರೆ ಅಲ್ಲಿಗೇ ನಿಲ್ಲಿಸಲಿಲ್ಲ. ತಪ್ಪು ಎಲ್ಲಿಂದ ಬಂತು ಅಂತ ಸಿಕ್ಕಿತಲ್ಲ, ಇನ್ನು ತಿದ್ದುವುದು ಸುಲಭ ಎಂದರು. ಇನ್ನೆರಡು ತಿಂಗಳಿಗೆ ಒಂಬತ್ತು ಸಭೆಗಳೂ ಒಂದೆಡೆ ಸೇರುವುದಿದೆ; ಅಲ್ಲಿ ಇದೇ ಹಾಡು. ಎಲ್ಲರೂ ಒಳಗೆ ಹೋಗುವಾಗ ನಿಮ್ಮ ಊರಿನವರು ಮಾತ್ರ ಬಾಗಿಲಲ್ಲಿ ನಿಂತುಬಿಟ್ಟರೆ ಚೆನ್ನಾಗಿರುತ್ತದಾ ಎಂದು ನಗಿಸಲು ನೋಡಿದರು. ಅವಳಿಗೆ ನಗು ಬರಲಿಲ್ಲ.

"ನಾಳೆ ಜನ ನನ್ನ ಹಿಂದೆ ಬರದಿದ್ರೆ, ಮೇಷ್ಟ್ರೇ?"

"ಬರ್ತಾರೆ. ನೀನು ತಾಳ ಬಿಡಬೇಡ. ಮೊದಲ ಚರಣ ತಡವರಿಸ್ತಾರೆ, ಎರಡನೇದರಲ್ಲಿ ಓಡಿಬರ್ತಾರೆ. ನೀನು ಕೈ ತೆಗೆದೆ ನೋಡು, ಹೋದ ವಾರ ಕೆಟ್ಟಿದ್ದು ಅದಕ್ಕೇ."

ಅವಳು ತಲೆಯಾಡಿಸಿದಳು. ಎಂಟು ತಿಂಗಳು ಒಂದು ಕಾಸಿಲ್ಲದೆ ಕಲಿಸಿದ ಮನುಷ್ಯನಿಗೆ ಎದುರಾಡುವುದು ಹೇಗೆ? ಮನೆಗೆ ಬಂದು ಮಾವನಿಗೆ ಮೇಷ್ಟ್ರು ಹೀಗೆ ಹೇಳಿದರು ಎಂದಳು. ಮಾವ ಮರ ಹೆರೆಯುವ ರಂದದ ಅಲಗು ಮಸೆಯುವುದನ್ನು ನಿಲ್ಲಿಸಲಿಲ್ಲ. ಅದು ನಿಮ್ಮ ಪೆಟ್ಟಿಗೆ, ನಿಮ್ಮ ತಿದಿ, ನನ್ನನ್ನು ಯಾಕೆ ಕೇಳುತ್ತೀಯ ಎಂದರು.

ಭಾನುವಾರ ಬೆಳಿಗ್ಗೆ ಅವಳು ಚರ್ಚಿಗೆ ಹೋದಾಗ ಕಿಟಕಿಯ ಕಟ್ಟೆಯ ಮೇಲೆ ಸ್ಪೀಕರ್ ಆಗಲೇ ಕೂತಿತ್ತು. ಪರೀಕ್ಷೆಗೆಂದು ಗಿರಣಿಯವರು ಎಲ್ಲಿಂದಲೋ ಕೇಳಿ ತಂದಿದ್ದರು. ಕಪ್ಪಗೆ, ಮೂಲಂಗಿ ಬುಟ್ಟಿಯಷ್ಟು ಎತ್ತರ, ಹೊಳೆಯುವ ಜಾಲರಿ. ವೈರು ಪ್ಲಗ್ಗಿನವರೆಗೆ ಎಳೆದಿತ್ತು. ಒಂದು ಕೆಂಪು ದೀಪ ಉರಿಯುತ್ತಿತ್ತು. ಹಾರ್ಮೋನಿಯಂನ ಬಟ್ಟೆ ತೆಗೆಯುವಾಗ ಮುಂದಿನ ಬೆಂಚಿನ ಅಜ್ಜಿಯೊಬ್ಬರು, ಈ ಸಲ ನಮ್ಮನ್ನು ಬಿಟ್ಟು ಓಡಬೇಡವ್ವ ಎಂದು ಮೆಲ್ಲಗೆ ಹೇಳಿದರು. ಛೇಡಿಸಿದ್ದೋ, ಬೇಡಿಕೊಂಡದ್ದೋ ತಿಳಿಯಲಿಲ್ಲ.

ಮಾವ ಬಂದರು. ಗೋಡೆಯಂಚಿನ ತಮ್ಮ ಜಾಗದಲ್ಲಿ ಕೂತರು. ಮೇಷ್ಟ್ರು ಅವಳ ಎಡಕ್ಕೆ ಕುರ್ಚಿ ಎಳೆದುಕೊಂಡರು.

ಮೊದಲ ಎರಡು ಹಾಡು ಸಲೀಸಾಗಿ ಹೋದವು. ಪ್ರಸಂಗ ನಡೆಯುತ್ತಿದ್ದಾಗ ಅವಳ ಕಿವಿಗೆ ಒಂದು ಮಾತೂ ಬೀಳಲಿಲ್ಲ. ತಾಳ ಬಿಡದೆ ಹೋದರೆ, ಅವರು ಬರದಿದ್ದರೆ, ಅಲ್ಲಿಗೆ ಮುಗಿಯಿತು. ನಿಂತರೆ, ಮೇಷ್ಟ್ರು ಪಕ್ಕದಲ್ಲೇ ಇದ್ದಾರೆ. ಅವರು ತಿದ್ದಿದ ತಪ್ಪನ್ನು ಅವರ ಕಣ್ಣೆದುರೇ ಮಾಡಿದಂತೆ. ಎರಡು ಕಡೆಯೂ ದಾರಿ ಇರಲಿಲ್ಲ. ಪಾದ್ರಿಗಳು ಪುಸ್ತಕ ಮುಚ್ಚಿ ಅವಳ ಕಡೆ ನೋಡಿದರು.

ಸ್ವರ ಕೊಟ್ಟಳು. ಬೆಂಚುಗಳು ಕಿರುಗುಟ್ಟಿದವು. ಜನ ಎದ್ದರು.

ಒಂದನೇ ಸಾಲು. ಎರಡನೇ ಸಾಲು. ಮೂರನೆಯದು ಏರತೊಡಗಿತು. ಓರೆಗಣ್ಣಿಗೆ ಮೇಷ್ಟ್ರ ಬೆರಳು ಕಾಣುತ್ತಿತ್ತು: ಏಳುತ್ತ, ಬೀಳುತ್ತ. 'ನಿನ್ನ ಬಾಗಿಲಲ್ಲಿ' ಎಂದು ದನಿಗಳು ಮೇಲೆ ನಿಂತವು. ಬೆರಳು ಬಿತ್ತು. ಇಲ್ಲೇ, ಈಗ.

ಅವಳು ಕೈ ಎತ್ತಿಬಿಟ್ಟಳು.

ಮೇಷ್ಟ್ರ ಬೆರಳು ಮತ್ತೆ ಎದ್ದು, ಬೀಳಲು ಜಾಗ ಸಿಗದೆ ಗಾಳಿಯಲ್ಲೇ ಉಳಿಯಿತು. ಚರ್ಚಿನೊಳಗೆ ಮೌನ. ಹೋದ ವಾರದ್ದೇ ಮೌನ ಇದು ಎಂದುಕೊಂಡಳು. ಗಡಿಯಾರದ ಸದ್ದು ಕೇಳಿಸಿತು. ಕಿಟಕಿಯ ಕಡೆಯಿಂದ ಗಿರಣಿಯವರು ತಲೆ ಹೊರಳಿಸಿದ್ದು ಕಂಡಿತು. ಒಬ್ಬರು 'ನಿಂ' ಎಂದು ತೆಗೆದು ನಾಲಿಗೆ ಕಚ್ಚಿಕೊಂಡರು. ಮುಂದಿನ ಬೆಂಚಿನವರು ಸ್ವಲ್ಪ ಮುಂಚೆ, ಹಿಂದಿನವರು ಸ್ವಲ್ಪ ತಡವಾಗಿ, ಹೇಗೋ ಎಡವುತ್ತ ಎಡವುತ್ತ ನಾಲ್ಕನೇ ಸಾಲಿಗೆ ಬಂದರು. ಅವಳೂ ಸೇರಿಕೊಂಡಳು. ಬಿದ್ದಿರಲಿಲ್ಲ, ನೆಟ್ಟಗೂ ನಿಂತಿರಲಿಲ್ಲ.

ಜನ ಕಾದಿದ್ದರು, ಆದರೆ ಎಷ್ಟು ಕಾಯಬೇಕೆಂದು ಅವರಿಗೆ ತಿಳಿದಿರಲಿಲ್ಲ. ಎರಡನೇ ಚರಣ ನಡೆಯುತ್ತಿತ್ತು. ಬೆರಳುಗಳು ತಮ್ಮಷ್ಟಕ್ಕೆ ಓಡುತ್ತಿದ್ದವು, ಅವಳ ತಲೆ ಮಾತ್ರ ಆ ಎರಡು ಸಾಲುಗಳ ನಡುವೆ ಸಿಕ್ಕಿಕೊಂಡಿತ್ತು. ಮಾವ ಸುಮ್ಮನೆ ನಿಲ್ಲುತ್ತಿರಲಿಲ್ಲವಲ್ಲ. ಮರದ ಮೇಲೆ ಮುದುಡಿದ ಆ ಎಡಗೈ. ಹಳೆ ತಿದಿ ಬುಸ್ ಬುಸ್ ಎಂದು ಸದ್ದು ಮಾಡುತ್ತಿತ್ತು. ಜನ ಕಾದದ್ದು ಆ ಸದ್ದಿಗೆ. ಹೊಸ ಚರ್ಮಕ್ಕೆ ಆ ಬಾಯಿ ಇಲ್ಲ.

ಮೂರನೇ ಸಾಲು ಏರಿತು, ನಿಂತಿತು. ಅವಳು ಬಲಗೈ ಎತ್ತಿದಳು. ಎಡಗೈಯಲ್ಲಿ ತಿದಿಯ ಹಲಗೆಯನ್ನು ಪೂರ್ತಿ ತೆರೆದು, ಮರಕ್ಕೆ ಮರ ತಾಗುವಂತೆ ಒತ್ತಿದಳು. ಟಕ್. ಮೇಷ್ಟ್ರು ಬೆಚ್ಚಿ ನೋಡಿದರು. ಟಕ್. ಗಾಳಿ ತುಂಬಿದ ಚರ್ಮ ಕೈಗೆ ಎದುರು ಒತ್ತುತ್ತಿತ್ತು, ಆ ಪೆಟ್ಟಿಗೆಗೆ ಇಷ್ಟು ಗಾಳಿ ಬೇಕಿರಲಿಲ್ಲ. ಮೂರನೇ ಸಲ ಮೊಣಕೈಯ ಬಲವನ್ನೆಲ್ಲ ಹಾಕಿದಳು. ಟಕ್.

ಮೂವತ್ತೈದು ಜನ ಒಂದೇ ಉಸಿರಿಗೆ 'ನಿಂತಿದ್ದೇನೆ' ಎಂದು ಇಳಿದರು. ಹಿಂದಿನ ಬೆಂಚು, ಮುಂದಿನ ಬೆಂಚು ಎಂಬ ಭೇದವಿರಲಿಲ್ಲ. ಮೂರನೇ ಚರಣದಲ್ಲಿ ಅವಳು ಓರೆಗಣ್ಣಿನಿಂದ ನೋಡಿದಾಗ, ಆ ಜಾಗಕ್ಕೆ ಬಂದ ಮೇಷ್ಟ್ರ ಬೆರಳು ಎತ್ತಿದ್ದು ಎತ್ತಿದಂತೆಯೇ ಇತ್ತು, ಮೂರು ಟಕ್ ಮುಗಿಯುವವರೆಗೆ.

ಆರಾಧನೆ ಮುಗಿದ ಮೇಲೆ ಗಿರಣಿಯವರು ಸ್ಪೀಕರಿನ ವೈರು ಸುತ್ತತೊಡಗಿದರು. ಅವಳ ಕಡೆ ತಿರುಗದೆ, ಪ್ರಕಟಣೆ ಓದೋಕಾದರೂ ಒಂದು ಮೈಕು ಬೇಕಾಗುತ್ತೆ ಎಂದರು. ಬೇಡ ಎಂದು ಯಾರೂ ಹೇಳಲಿಲ್ಲ. ಹಾಡಿನ ಮಾತು ಅವರ ಬಾಯಿಂದ ಬರಲೇ ಇಲ್ಲ. ಅವಳಿಗೆ ಅಷ್ಟು ಸಾಕಾಗಿತ್ತು.

ಮೇಷ್ಟ್ರು ಕುರ್ಚಿಯಿಂದ ಎದ್ದಿರಲಿಲ್ಲ. ಅವರು ಏನಾದರೂ ಅನ್ನುತ್ತಾರೆಂದು ಅವಳು ಮುಚ್ಚಳ ಹಿಡಿದುಕೊಂಡೇ ಕಾದಳು. ಅವರು ಚೀಲದಿಂದ ಸ್ವರದ ಪುಸ್ತಕ ತೆಗೆದು, ಬಾಗಿಲ ಹಾಡಿನ ಪುಟ ಹುಡುಕಿ, ಮೂರನೇ ಸಾಲಿನ ಕೊನೆಗೆ ಪೆನ್ಸಿಲ್ ತುದಿ ಇಟ್ಟರು. ಒಂಬತ್ತು ಸಭೆಗಳು ಸೇರುವ ದಿನ ಏನು ಮಾಡುವುದೋ ನನಗಿನ್ನೂ ತಿಳಿದಿಲ್ಲ ಎಂದರು. ಅದು ಬೈಗುಳವಾಗಿರಲಿಲ್ಲ.

ಅಷ್ಟರಲ್ಲಿ ಮಾವ ಬೆಂಚುಗಳ ಅಂಚು ಹಿಡಿದುಕೊಳ್ಳುತ್ತ ಮುಂದಕ್ಕೆ ಬಂದರು. ಪೆಟ್ಟಿಗೆಯ ಹಿಂದೆ ಬಗ್ಗಿ, ತಿದಿಯ ಹಲಗೆ ಬಡಿದ ಜಾಗವನ್ನು ಹೆಬ್ಬೆರಳಿನಿಂದ ತಡವಿದರು. ಬಣ್ಣ ಸ್ವಲ್ಪ ಎದ್ದಿತ್ತು.

"ಮೊದಲನೇ ಚರಣದಲ್ಲಿ ನೀನು ತಿದಿ ಮರೆತೆ," ಎಂದರು ಸೊಸೆಗೆ.

"ಹೂಂ ಮಾವಾ."

"ಹೀಗೆ ಬಡಿದ್ರೆ ಹಲಗೆ ಸೀಳುತ್ತೆ. ಇಲ್ಲೊಂದು ತೆಳ್ಳನೆ ಪಟ್ಟಿ ಹೊಡೀಬೇಕು. ಸದ್ದೂ ಬರಬೇಕು, ಮರಾನೂ ಉಳೀಬೇಕು."

ಮೇಷ್ಟ್ರು ಒಂದು ತಿಂಗಳ ಮೇಲೆ ಮೊದಲ ಸಲ ಮಾವನ ಮುಖ ನೋಡಿ, ಆ ಜಾಗದಲ್ಲಿ ಎಷ್ಟು ಎಣಿಕೆ ಬರೆಯಲಿ ಎಂದು ಕೇಳಿದರು. ಮಾವ ಹಲಗೆಯ ಅಗಲವನ್ನು ಗೇಣಿನಲ್ಲಿ ಅಳೆದು, ನಡುಗುವ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನೆಟ್ಟಗಾದರು.

"ನಾನು ಯಾವತ್ತೂ ಎಣಿಸಿಲ್ಲ ಮೇಷ್ಟ್ರೇ," ಎಂದರು. "ಅವಳನ್ನ ಕೇಳಿ."